ಬ್ಯಾಡಗಿ ಕೆಂಪು, ಕುಸುಬಿ ಎಣ್ಣೆ ಮತ್ತು ಎರಡು ಚಮಚ ನೀರು

ಧಾರವಾಡ, ಫೆಬ್ರವರಿ 2

ಮಸಾಲೆ ಖಾರಕ್ಕೆಂದು ತಂದ ಬ್ಯಾಡಗಿ ಕಡ್ಡಿ ಮೆಣಸಿನಕಾಯಿಯಲ್ಲಿ ಕಾಲು ಕಿಲೋ ಬೇಡಿ ಪಡೆದಿದ್ದೇನೆ, ಮೈಕ್ರೋವೇವ್‌ನಲ್ಲಿ ಅದರ ಕೆಂಪು ಬಣ್ಣ ತೆಗೆದು ನೋಡಲು. ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುವುದಕ್ಕೇ ಹೆಸರಾದ ಕಾಯಿ ಇದು; 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಕಾರ್ಖಾನೆಗಳಲ್ಲಿ ಹೆಕ್ಸೇನ್‌ನಂಥ ದ್ರಾವಕ ಬಳಸಿ ಇದರ ಓಲಿಯೋರೆಸಿನ್, ಅಂದರೆ ಬಣ್ಣ, ಖಾರ ತುಂಬಿದ ಗಟ್ಟಿ ಸಾರ, ತೆಗೆಯುತ್ತಾರೆ. ಮನೆಯ ಮೈಕ್ರೋವೇವ್‌ನಲ್ಲಿ ಹೆಕ್ಸೇನ್, ಸ್ಪಿರಿಟ್ ಇಡುವುದೆಂದರೆ ಬೆಂಕಿಯನ್ನು ಕರೆದು ಕೂರಿಸಿದ ಹಾಗೆ. ನನ್ನ ದ್ರಾವಕ ಕುಸುಬಿ ಎಣ್ಣೆ. ಕೆಂಪಿಗೆ ಕಾರಣವಾದ ಕ್ಯಾಪ್ಸಾಂಥಿನ್ ಎಣ್ಣೆಯಲ್ಲಿ ಕರಗುತ್ತದೆ.

ತೊಟ್ಟು, ಬೀಜ, ಒಳಗಿನ ಬಿಳಿ ತಿರುಳು ತೆಗೆದೆ. ಖಾರ ಹೆಚ್ಚಾಗಿ ಇರುವುದು ಆ ತಿರುಳಿನಲ್ಲಿ, ಬಣ್ಣ ಇರುವುದು ಸಿಪ್ಪೆಯಲ್ಲಿ. 20 ಗ್ರಾಂ ಚೂರು, 100 ಮಿಲಿ ಎಣ್ಣೆ, ಗಾಜಿನ ಬಟ್ಟಲು. ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟೆ. ಎಣ್ಣೆ ಉಗುರು ಬೆಚ್ಚಗಾಗಿತ್ತು ಅಷ್ಟೆ, ಒಂದು ಮೂಲೆಯ ಚೂರುಗಳು ಮಾತ್ರ ಕಪ್ಪಾಗಿದ್ದವು. ಘಾಟು ಹಿತ್ತಲಿನವರೆಗೆ ಹೋಯಿತು. ಅವ್ವ ಕೆಮ್ಮುತ್ತಲೇ ಕಿಟಕಿಗಳನ್ನೆಲ್ಲ ತೆರೆದಳು.

ಫೆಬ್ರವರಿ 5

ತಪ್ಪು ಎಲ್ಲಿ ಎಂದು ಈಗ ತಿಳಿಯಿತು. ಮೈಕ್ರೋವೇವಿನ 2450 ಮೆಗಾಹರ್ಟ್ಸ್ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ, ಎಣ್ಣೆ ಬಹಳ ಕಡಿಮೆ. ಒಲೆಯ ಮೇಲಾದರೆ ಎಣ್ಣೆ ಮೊದಲು ಕಾಯ್ದು ಕಾಯಿಯನ್ನು ಬಿಸಿ ಮಾಡುತ್ತದೆ. ಇಲ್ಲಿ ಕಾಯಿಯೊಳಗಿನ ನೀರೇ ಮೊದಲು ಕಾಯಬೇಕು, ಆವಿಯಾಗಿ ಒಳಗಿನಿಂದ ಜೀವಕೋಶದ ಗೋಡೆ ಸಡಿಲಿಸಬೇಕು. ಗರಿಗರಿಯಾಗಿ ಒಣಗಿದ ಕಾಯಿಯಲ್ಲಿ ಆ ನೀರೇ ಸಾಲದು. ಜೊತೆಗೆ ಅಲೆಯುದ್ದ ಸುಮಾರು 12 ಸೆಂಟಿಮೀಟರ್ ಆದ್ದರಿಂದ ಮೈಕ್ರೋವೇವ್‌ನೊಳಗೆ ಅಲ್ಲಲ್ಲಿ ಬಿಸಿ ಗುಡ್ಡೆಗಟ್ಟುತ್ತದೆ. ತಿರುಗುತಟ್ಟೆ ಸಿಕ್ಕಿಹಾಕಿಕೊಂಡಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

ಈ ಸಲ ಚೂರುಗಳ ಮೇಲೆ ಎರಡು ಚಹಾ ಚಮಚ ನೀರು ಚಿಮುಕಿಸಿ, ಮುಚ್ಚಿ ಅರ್ಧ ಗಂಟೆ ಬಿಟ್ಟೆ. ಮುಟ್ಟಿದರೆ ತೊಗಲಿನ ಹಾಗೆ ಬಾಗಬೇಕು, ಬೆರಳಿಗೆ ತೇವ ಹತ್ತಬಾರದು. ನಂತರ ಎಣ್ಣೆ ಸುರಿದು 20 ಸೆಕೆಂಡು ಇಡುವುದು, ತೆಗೆದು ಕಲಕುವುದು, ಮತ್ತೆ ಇಡುವುದು. ಐದನೆಯ ಸಲಕ್ಕೆ ಚೂರುಗಳ ಅಂಚಿನಿಂದ ಸಣ್ಣ ಗುಳ್ಳೆಗಳು ಹೊರಟವು. ಗುಳ್ಳೆಯ ಹಿಂದೆಯೇ ಕುಂಕುಮ ಕದಡಿದಂತೆ ಕೆಂಪು ಎಳೆ. ಒಂಬತ್ತನೆಯ ಸಲಕ್ಕೆ ಚಟಪಟ ಸಿಡಿತ ಶುರುವಾಯಿತು, ನಿಲ್ಲಿಸಿದೆ. ಒಟ್ಟು ಮೂರು ನಿಮಿಷ.

ಫೆಬ್ರವರಿ 9

ಹೋಲಿಕೆಗೆ ಅಷ್ಟೇ ಕಾಯಿ, ಅಷ್ಟೇ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಟ್ಟೆ. ಬಣ್ಣ ಅಳೆಯುವ ಉಪಕರಣ ನನ್ನಲ್ಲಿಲ್ಲ, ಎರಡು ಒಂದೇ ಬಗೆಯ ಗಾಜಿನ ಲೋಟಗಳಿವೆ. ಎರಡರಲ್ಲೂ ಒಂದೊಂದು ಮಿಲಿ ಬಣ್ಣದೆಣ್ಣೆ. ಒಲೆಯದಕ್ಕೆ 20 ಮಿಲಿ ಸಾದಾ ಎಣ್ಣೆ ಬೆರೆಸಿದಾಗ ಬಂದ ಛಾಯೆಗೆ ಮೈಕ್ರೋವೇವಿನದನ್ನು ಇಳಿಸಲು 27 ಮಿಲಿ ಬೇಕಾಯಿತು, ಅಂದರೆ ಮೈಕ್ರೋವೇವಿನದರಲ್ಲೇ ಬಣ್ಣ ಹೆಚ್ಚು. ಕಣ್ಣಳತೆ, ಹಾಗಾಗಿ ಎರಡು ಮೂರು ಮಿಲಿ ಆಚೀಚೆ ಆಗಬಹುದು. ಆದರೆ ಹಿಂಡಿದ ಚರಟ ಇನ್ನೂ ಕೆಂಪಾಗಿಯೇ ಇದೆ. ಹೊಸ ಎಣ್ಣೆ ಹಾಕಿ ಮತ್ತೊಂದು ಸುತ್ತು ತಿರುಗಿಸಿದರೆ ಅದೂ ಕಿತ್ತಳೆಯಾಗುತ್ತದೆ.

ಫೆಬ್ರವರಿ 20

ನೀರು ಉಪಕಾರ ಮಾಡಿದ್ದಕ್ಕೆ ಬಾಡಿಗೆ ಕೇಳುತ್ತಿದೆ. ಎಣ್ಣೆ ಮಂಜು ಮಂಜಾಗಿದೆ, ಬಾಟಲಿಯ ತಳದಲ್ಲಿ ಹನಿಗಳು ಕೂತಿವೆ. ತೇವ ಉಳಿದ ಎಣ್ಣೆಯನ್ನು ಹೊರಗಿಟ್ಟು ತಿನ್ನುವುದು ಅಪಾಯ. ಈ ಬಾಟಲಿಗಳು ಬಣ್ಣದ ಪರೀಕ್ಷೆಗೆ ಮಾತ್ರ, ಒಗ್ಗರಣೆಗೆ ಅಲ್ಲ ಎಂದು ಚೀಟಿ ಅಂಟಿಸಿದ್ದೇನೆ. ಕಿಟಕಿಯಲ್ಲಿಟ್ಟದ್ದು ಹನ್ನೊಂದು ದಿನಕ್ಕೆ ಹಳದಿಗೆ ತಿರುಗಿದೆ. ಕಪಾಟಿನೊಳಗಿನದು ಕೆಂಪಾಗಿಯೇ ಇದೆ. ಮುಂದಿನ ವಾರ ನೀರನ್ನು ಒಂದೇ ಚಮಚಕ್ಕೆ ಇಳಿಸಿ ನೋಡುತ್ತೇನೆ, ತಿರುಗುತಟ್ಟೆಯ ಗಾಲಿಯನ್ನೂ ಬದಲಿಸಬೇಕು.