ಬಾಗಿಲ ಮೇಲೆ ಒಂದು ಅಂಗೈ

ಸಿಲ್ಕ್ ಬೋರ್ಡ್ ಹತ್ತಿರ ಟೆಂಪೋ ಒಂದು ನನ್ನ ಕಾರಿನ ಎಡಗಡೆ ಬಾಗಿಲಿಗೆ ಉಜ್ಜಿಕೊಂಡು ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅಷ್ಟು ಸಾಕು.

ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ. "ನಮ್ಮ ಲಿಸ್ಟ್‌ನಲ್ಲಿರೋ ಗ್ಯಾರೇಜಿಗೇ ಬಿಡಿ, ಕ್ಯಾಶ್‌ಲೆಸ್ ಆಗುತ್ತೆ" ಅಂದರು. ಬೇರೆ ಕಡೆ ಬಿಡಬಾರದಾ ಅಂತ ಕೇಳಿದೆ. ಬಿಡಬಹುದು. ಮೊದಲು ದುಡ್ಡು ನಾವು ಕಟ್ಟಬೇಕು, ಬಿಲ್ ಕೊಟ್ಟ ಮೇಲೆ ಕ್ಲೇಮ್. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ತನಕ ಮಾತ್ರ ಯಾರೂ ರಿಪೇರಿಗೆ ಕೈ ಹಚ್ಚುವಂತಿಲ್ಲ. ಇದನ್ನು ಅವರಾಗಿ ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿದರು.

ಲಾಲ್‌ಬಾಗ್ ಹಿಂದಿನ ನಮ್ಮ ಹಳೇ ಟಿಂಕರ್, ಅಂದರೆ ಗಾಡಿಯ ತಗ್ಗು ಎತ್ತುವವರ ಹತ್ತಿರ ಹೋದೆ.

ಅವರು ಏನೂ ಕೇಳಲಿಲ್ಲ. ಕಣ್ಣು ಮುಚ್ಚಿ ಬಾಗಿಲ ಮೇಲೆ ಅಂಗೈ ಸವರಿದರು. ನಿಧಾನಕ್ಕೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ನನ್ನ ಕಣ್ಣಿಗೆ ಯಾವತ್ತೂ ಕಾಣದ ಇನ್ನೊಂದು ತಗ್ಗು ಅವರ ಕೈಗೆ ಸಿಕ್ಕಿತು. ಬೆರಳಲ್ಲಿ ತಟ್ಟಿದರು. ಒಂದು ಕಡೆ ಠಣ್ ಅಂತು. ಇನ್ನೊಂದು ಕಡೆ ಮಂಕು ಸದ್ದು.

"ಇಲ್ಲಿ ಹಿಂದೆ ಯಾರೋ ತಗಡು ಎತ್ತದೆ ಬರೀ ಪುಟ್ಟಿ ತುಂಬಿದ್ದಾರೆ ಮೇಡಂ. ಹೊಸ ಬಾಗಿಲು ಬೇಡ. ನಾನು ಎತ್ತಿಕೊಡ್ತೀನಿ."

ಎರಡು ವರ್ಷದ ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಮಾಡಿಸಿದ್ದು ಅದು. ಎಸಿ ರೂಮಲ್ಲಿ ಕೂರಿಸಿ ಕಾಫಿ ಕೊಟ್ಟಿದ್ದರು. ಗಾಡಿ ಮುಟ್ಟಿದ್ದು ಯಾರು ಅಂತ ನೋಡಲೇ ಇಲ್ಲ. ಬಣ್ಣ ಹೊಳೀತಿತ್ತು, ನಂಬಿಬಿಟ್ಟೆ.

ನಾವು ಡಾಕ್ಟರನ್ನ ಕೂಡ ಕೈಗುಣ ನೋಡಿ ಹುಡುಕುತ್ತೇವೆ, ಅಲ್ವಾ?

ಎಂಟು ದಿನ ಬೇಕಂತೆ. ಆಗಲಿ. ಅಲ್ಲಿವರೆಗೆ ಹಳದಿ ಲೈನ್ ಮೆಟ್ರೋ ಇದೆ.