ಠರಾವು ಪಾಸಾಯಿತು, ತರತೂದು ಎಲ್ಲಿದೆ?

ಪುಣೆ ಮಹಾನಗರಪಾಲಿಕೆಯ ಸಭೆಗಳಿಗೆ ಹೋಗುವ ಪ್ರಸ್ತಾವಗಳ ಕಾಗದಪತ್ರ ಸಿದ್ಧಪಡಿಸುವುದು, ಪಾಸಾದ ಮೇಲೆ ಫೈಲು ಯಾವ ಮೇಜಿನ ಮೇಲಿದೆ ಎಂದು ಬೆನ್ನು ಹತ್ತುವುದು ನನ್ನ ಕಸುಬು. ಕೋಥರೂಡ್, ವಾರ್ಜೆ, ಧನಕವಡಿ ಕಡೆ ಸೊಸೈಟಿ (ವಸತಿ ಸಂಘ) ಕಮಿಟಿಗಳಲ್ಲಿರುವ ನಮ್ಮ ಕನ್ನಡದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಭೆಯಲ್ಲಿ ಮಂಜೂರಾಗಿದೆ, ಪೇಪರಿನಲ್ಲೂ ಬಂದಿದೆ, ಕೆಲಸ ಯಾಕೆ ಶುರುವಾಗಿಲ್ಲ?" ಉತ್ತರ ಬಹಳ ಸಲ ಆ ಠರಾವಿನ (ನಿರ್ಣಯದ) ಕಾಗದದಲ್ಲೇ ಇರುತ್ತದೆ. ಪೂರ್ತಿ ಓದಿರುವುದಿಲ್ಲ, ಅಷ್ಟೆ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಪಾಲಿಕೆಗಳನ್ನು ನೋಡಿ ಬಂದವರು ಇಲ್ಲಿಯೂ ಹಾಗೇ ಇರಬೇಕು ಅಂದುಕೊಳ್ಳುತ್ತಾರೆ. ಕರ್ನಾಟಕದ 1976ರ ಕಾಯ್ದೆಯಲ್ಲಿ ಸ್ಥಾಯಿ ಸಮಿತಿಗಳು ನಾಲ್ಕು: ತೆರಿಗೆ-ಹಣಕಾಸು, ಆರೋಗ್ಯ-ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಪುಣೆ ನಡೆಯುವುದು 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯ ಮೇಲೆ (ಮುಂಬೈಗೆ ಬೇರೆಯೇ ಕಾಯ್ದೆ, 1888ರದ್ದು). ಇಲ್ಲಿ ಸ್ಥಾಯಿ ಸಮಿತಿ ಒಂದೇ. ಅದರಲ್ಲಿ 16 ಸದಸ್ಯರು, ವರ್ಷಕ್ಕೆ ಅರ್ಧದಷ್ಟು ಜನ ಹೊರಗೆ ಹೋಗಿ ಹೊಸಬರು ಬರುತ್ತಾರೆ, ಅಧ್ಯಕ್ಷರನ್ನೂ ವರ್ಷಕ್ಕೊಮ್ಮೆ ಆರಿಸುತ್ತಾರೆ. ದೊಡ್ಡ ಟೆಂಡರುಗಳಿಗೆ ಒಪ್ಪಿಗೆ ಸಿಗುವುದು ಇಲ್ಲೇ. ನಗರಸೇವಕರೆಲ್ಲ (ಪಾಲಿಕೆ ಸದಸ್ಯರು) ಕೂರುವುದು ಮುಖ್ಯ ಸಭೆಯಲ್ಲಿ. ಬಜೆಟ್, ತೆರಿಗೆ ದರ, ಧೋರಣೆ ಅಂದರೆ ನೀತಿ, ವಿಕಾಸ ಆರಾಖಡಾದ (ನಗರ ಅಭಿವೃದ್ಧಿ ಯೋಜನೆಯ) ಬದಲಾವಣೆ ಅಲ್ಲಿಗೆ ಬರುತ್ತವೆ. ಶಹರ ಸುಧಾರಣಾ, ವಿಧಿ (ಕಾನೂನು), ಮಹಿಳಾ-ಬಾಲಕಲ್ಯಾಣ, ಕ್ರೀಡಾ ಸಮಿತಿಗಳ ಒಪ್ಪಿಗೆ ಸಾಮಾನ್ಯವಾಗಿ ಬರೀ ಶಿಫಾರಸು. ಹಾಗಾಗಿ "ಸಮಿತಿಯಲ್ಲಿ ಮಂಜೂರು" ಎಂಬ ಸುದ್ದಿ ಕಂಡರೆ ಯಾವ ಸಮಿತಿ ಎಂದು ಮೊದಲು ನೋಡಬೇಕು. ಶಹರ ಸುಧಾರಣಾ ಸಮಿತಿ ಅಂದಿದ್ದರೆ ಪಟಾಕಿ ಹಚ್ಚಲು ಇನ್ನೂ ಸಮಯವಿದೆ.

2022ರ ಮಾರ್ಚ್‌ನಲ್ಲಿ ಹಿಂದಿನ ಸದಸ್ಯರ ಅವಧಿ ಮುಗಿದು 2026ರ ಜನವರಿ 15ರ ಚುನಾವಣೆಯವರೆಗೂ ಸಭೆಯ ಅಧಿಕಾರ, ಸ್ಥಾಯಿ ಸಮಿತಿಯ ಅಧಿಕಾರ ಎರಡೂ ಒಬ್ಬ ಪ್ರಶಾಸಕರ (ಆಡಳಿತಾಧಿಕಾರಿಯ) ಕೈಯಲ್ಲಿದ್ದವು. ಆ ಕಾಲದ ಠರಾವು ಹುಡುಕುವವರು ಚರ್ಚೆಯ ಇತಿವೃತ್ತ (ನಡಾವಳಿ) ಕೇಳಬೇಡಿ, ಇರುವುದಿಲ್ಲ. ವಿಷಯಪತ್ರ (ಪ್ರಸ್ತಾವದ ಕಾಗದ) ಮತ್ತು ಸಹಿ ಸಿಗುತ್ತದೆ. ಈಗ ಮತ್ತೆ 41 ಪ್ರಭಾಗ (ವಾರ್ಡ್), 165 ಸ್ಥಾನ. ಒಂದು ಪ್ರಭಾಗಕ್ಕೆ ನಾಲ್ವರು ನಗರಸೇವಕರು, ಒಂದು ಕಡೆ ಮಾತ್ರ ಐವರು. ಊರ ಕಡೆಯ ಹಾಗೆ "ನಮ್ಮ ವಾರ್ಡಿನ ಮೆಂಬರ್" ಎಂದು ಒಬ್ಬರ ಮನೆಗೆ ಹೋಗಿ ಬಂದರೆ ಸಾಲದು. ಅರ್ಜಿಯ ಪ್ರತಿ ಅಷ್ಟೂ ಜನರಿಗೆ ಕೊಟ್ಟು, ಪ್ರತಿಯೊಬ್ಬರಿಂದ ಪೋಚ್ (ಸ್ವೀಕೃತಿ) ತೆಗೆದುಕೊಳ್ಳಿ. ಇಲ್ಲದಿದ್ದರೆ ಒಬ್ಬರು ತಂದ ಕೆಲಸಕ್ಕೆ ಇನ್ನೊಬ್ಬರು ಅಡ್ಡ ನಿಲ್ಲುವುದುಂಟು.

ಕಾರ್ಯಪತ್ರಿಕೆಯಲ್ಲಿ (ಸಭೆಯ ಅಜೆಂಡಾದಲ್ಲಿ) ಬಂದ ವಿಷಯ ಐದಾರು ರೀತಿಯಲ್ಲಿ ಮುಗಿಯುತ್ತದೆ. "ಮಾನ್ಯ" ಎಂದರೆ ಗೊತ್ತೇ ಇದೆ. "ಅಭಿಪ್ರಾಯಕ್ಕೆ" ಎಂದರೆ ಆಡಳಿತದ ಅಭಿಪ್ರಾಯ ಕೇಳಿ ಆಯುಕ್ತರಿಗೆ ಕಳಿಸಿದರು. ಅಲ್ಲಿಂದ ಅದು ಖಾತೆ, ಖಾತೆಯಿಂದ ಉಪಅಭಿಯಂತಾ (ಡೆಪ್ಯುಟಿ ಎಂಜಿನಿಯರ್), ಕನಿಷ್ಠ ಅಭಿಯಂತಾ (ಜೂನಿಯರ್ ಎಂಜಿನಿಯರ್) ಎಂದು ಇಳಿದು ಮತ್ತೆ ಅದೇ ಮೆಟ್ಟಿಲು ಹತ್ತಬೇಕು. ಕೆಳಗಿನ ಆ ಕನಿಷ್ಠ ಅಭಿಯಂತಾ ಬರೆಯುವ ನಾಲ್ಕು ಸಾಲೇ ಕೊನೆಗೆ ಆಯುಕ್ತರ ಅಭಿಪ್ರಾಯವಾಗಿ ಮೇಲೆ ಬರುವುದು. ಜಾಗ ತೋರಿಸಬೇಕಾದ್ದು ಅವರಿಗೆ, ಫೋಟೋ ಕೊಡಬೇಕಾದ್ದೂ ಅವರಿಗೆ. "ಒಂದು ತಿಂಗಳು ಮುಂದಕ್ಕೆ" ಎಂದರೆ ಪಕ್ಷಗಳ ನಡುವೆ ಮಾತು ಮುಗಿದಿಲ್ಲ. "ದಫ್ತರಿ ದಾಖಲ್" ಎಂದರೆ ವಿಷಯ ಕಪಾಟಿಗೆ ಹೋಯಿತು. ತಿರಸ್ಕರಿಸಿದೆವು ಎಂದು ಯಾರೂ ಬಾಯಿಬಿಟ್ಟು ಹೇಳದೆ ತಿರಸ್ಕರಿಸುವ ವಿಧಾನ ಇದು. ಹೀಗೆ ದಾಖಲಾದದ್ದನ್ನು ಮತ್ತೆ ತರಬೇಕಾದರೆ ಹೊಸ ಪ್ರಸ್ತಾವ ಬೇಕು.

ಇನ್ನು ಸಭೆಯೇ ತಹಕೂಬ್ ಆಗುವುದು. ಗಣ್ಯರು ತೀರಿಕೊಂಡಿದ್ದರೆ ಶ್ರದ್ಧಾಂಜಲಿ ಅರ್ಪಿಸಿ ಸಭೆ ಮುಂದೂಡುವ ಪದ್ಧತಿ ಇಲ್ಲಿ ಗಟ್ಟಿಯಾಗಿದೆ. ಗಣಸಂಖ್ಯೆ (ಕೋರಂ) ಇಲ್ಲವೆಂದೂ ಮುಂದೂಡುತ್ತಾರೆ. ಮುಂದೂಡಿದ ಸಭೆಯ ವಿಷಯಗಳು ಸಾಯುವುದಿಲ್ಲ, ಆದರೆ ರಾಶಿ ಬೀಳುತ್ತವೆ. ಒಂದೇ ಮಧ್ಯಾಹ್ನ ಮೂರು ತಿಂಗಳ ಕಾರ್ಯಪತ್ರಿಕೆ ಮುಗಿಸುವಾಗ ನಿಮ್ಮ ವಿಷಯದ ಮೇಲೆ ಯಾರೂ ಮಾತಾಡುವುದಿಲ್ಲ, ನಂಬರ್ ಓದುತ್ತಾರೆ, ಮಾನ್ಯ ಎನ್ನುತ್ತಾರೆ. ಕೆಲವೊಮ್ಮೆ ಅದೇ ಒಳ್ಳೆಯದು.

ಈಗ ಮುಖ್ಯ ಮಾತಿಗೆ ಬರೋಣ. ಒಂದು ಮಳೆನೀರಿನ ಪೈಪ್ ಕೆಲಸವನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. "ಪ್ರಭಾಗದಲ್ಲಿ ಅಗತ್ಯವಿರುವ ಕಡೆ ಮಳೆನೀರಿನ ಪೈಪ್ ಹಾಕುವುದು, 10 ಲಕ್ಷ" ಎಂದು ಠರಾವಿನಲ್ಲಿ ಬರೆದಿದ್ದರೆ ಆ ಹಣ ಪ್ರಭಾಗದ ಯಾವ ಮೂಲೆಗಾದರೂ ಹೋಗಬಹುದು, ಯಾರೂ ತಪ್ಪು ಎನ್ನಲಾರರು. ಬೇಕಾದ ಬರಹ ಹೀಗಿರಬೇಕು: ಇಂಥ ಸರ್ವೇ ನಂಬರ್, ಇಂಥ ಚೌಕದಿಂದ ಇಂಥ ಸೊಸೈಟಿ ಗೇಟಿನವರೆಗೆ, 180 ಮೀಟರ್, 450 ಮಿ.ಮೀ. ಆರ್‌ಸಿಸಿ ಪೈಪ್, 20 ಮೀಟರಿಗೊಂದರಂತೆ ಎರಡೂ ತುದಿ ಸೇರಿ 10 ಚೇಂಬರ್, ನೀರು ಹೋಗಿ ಸೇರುವುದು ಇಂಥ ನಾಲೆಗೆ (ಹಳ್ಳಕ್ಕೆ). ಕೊನೆಯ ಮಾತನ್ನು ಬರೆಯದೆ ಬಿಟ್ಟರೆ ಪೈಪು ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯುವುದಿಲ್ಲ.

ಲೆಕ್ಕ ತಪ್ಪುವುದು ಇಲ್ಲೇ. ಎಸ್ಟಿಮೇಟ್ 10 ಲಕ್ಷ, ತರತೂದು ಅಂದರೆ ಬಜೆಟ್‌ನಲ್ಲಿ ತೆಗೆದಿಟ್ಟದ್ದೂ 10 ಲಕ್ಷ, ಸರಿಯಾಗಿದೆ ಅನ್ನಿಸುತ್ತದೆ. ಆದರೆ ಅದರ ಮೇಲೆ 18% ಜಿಎಸ್‌ಟಿ 1.8 ಲಕ್ಷ ಕೂತಾಗ ಬೇಕಾದದ್ದು 11.8 ಲಕ್ಷ. (2022ರ ಜುಲೈವರೆಗೆ ಪಾಲಿಕೆ ಕಾಮಗಾರಿಗಳಿಗೆ ಇದು 12% ಇತ್ತು, ಹಳೆಯ ಎಸ್ಟಿಮೇಟ್ ನಕಲು ಮಾಡುವ ಕಡೆ ಈಗಲೂ ಈ ತಪ್ಪು ನುಸುಳುತ್ತದೆ.) ಹೆಚ್ಚುವರಿ ಹಣಕ್ಕೆ ಮತ್ತೆ ಮಂಜೂರಾತಿ ಕೇಳುವ ಬದಲು ಖಾತೆಯವರು ಕೆಲಸವನ್ನೇ ಮೊಟಕು ಮಾಡುತ್ತಾರೆ, 180 ಮೀಟರ್ 150 ಆಗುತ್ತದೆ. ಯಾವ ತುದಿಯ 30 ಮೀಟರ್ ಹೋಯಿತು? ಪೈಪನ್ನು ನಾಲೆಯ ಕಡೆಯಿಂದ, ತಗ್ಗಿನಿಂದ ಮೇಲಕ್ಕೆ ಹಾಕುತ್ತ ಬಂದಿದ್ದರೆ ಮೇಲಿನ ತುದಿಯ ಎರಡು ಕಟ್ಟಡಕ್ಕೆ ತೊಂದರೆ, ಉಳಿದದ್ದು ನಡೆಯುತ್ತದೆ. ಸೊಸೈಟಿ ಗೇಟಿನಿಂದ ಶುರು ಮಾಡಿ ನಾಲೆಗೆ 30 ಮೀಟರ್ ಇರುವಾಗ ನಿಲ್ಲಿಸಿದ್ದರೆ ಮೊದಲ ಜೋರು ಮಳೆಗೆ ಕೊನೆಯ ಚೇಂಬರಿನ ಮುಚ್ಚಳ ಎದ್ದು, ಇಡೀ ರಸ್ತೆಯ ನೀರು ಒಂದೇ ಕಡೆ ಉಕ್ಕುತ್ತದೆ. ಮೊದಲು ಹರಡಿ ನಿಲ್ಲುತ್ತಿದ್ದದ್ದು ಈಗ ಒಬ್ಬರ ಪಾರ್ಕಿಂಗಿಗೆ ನುಗ್ಗುತ್ತದೆ. ಆದ್ದರಿಂದ ವಿಷಯಪತ್ರದಲ್ಲೇ "ಕೆಲಸ ನಾಲೆಯ ತುದಿಯಿಂದ ಆರಂಭಿಸತಕ್ಕದ್ದು" ಎಂದು ಬರೆಸುವುದು ಒಳ್ಳೆಯದು. ಒಂದು ಸಾಲಿನ ಖರ್ಚು.

ಜಾಗ ಯಾರದ್ದು ಎಂಬುದನ್ನೂ ಮೊದಲೇ ನೋಡಬೇಕು. ಬಿಲ್ಡರ್ ಲೇಔಟಿನ ಒಳರಸ್ತೆ ಪಾಲಿಕೆಗೆ ಹಸ್ತಾಂತರವಾಗದಿದ್ದರೆ ಅಲ್ಲಿ ಪಾಲಿಕೆಯ ಹಣ ಹಾಕುವಂತಿಲ್ಲ. ಠರಾವು ಆಗಿಬಿಟ್ಟಿರುತ್ತದೆ, ಎಸ್ಟಿಮೇಟ್ ಹಂತದಲ್ಲಿ ಯಾರೋ ಮಾಲಕಿಯ (ಒಡೆತನದ) ಕಾಗದ ಕೇಳುತ್ತಾರೆ, ಅಲ್ಲಿಗೆ ನಿಲ್ಲುತ್ತದೆ. ಸಾತ್-ಬಾರಾ ಉತಾರೆ (ಜಮೀನಿನ ಪಹಣಿ) ಮತ್ತು ತಾಬಾ (ಸ್ವಾಧೀನ) ಕೊಟ್ಟ ಪತ್ರ ಅರ್ಜಿಯ ಜೊತೆಗೇ ಪಿನ್ ಮಾಡಿ.

ಹಣದ ದಾರಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಯುಕ್ತರು ಬಜೆಟ್ಟಿನ ಕರಡನ್ನು ಸ್ಥಾಯಿ ಸಮಿತಿಗೆ ಕೊಡುತ್ತಾರೆ. 2025-26ರ ಕರಡು 12,618 ಕೋಟಿ ರೂಪಾಯಿಯದು. ಚುನಾಯಿತ ಸಭೆ ಇದ್ದಾಗ ಸ್ಥಾಯಿ ಸಮಿತಿ ಅದಕ್ಕೆ ತನ್ನ ಯೋಜನೆಗಳನ್ನು ಸೇರಿಸಿ ಮೊತ್ತ ಏರಿಸುತ್ತದೆ, ಮುಖ್ಯ ಸಭೆ ಒಪ್ಪುತ್ತದೆ. ಖರ್ಚಿನ ಅಂಕಿ ಏರಿಸಲು ಪೆನ್ನು ಸಾಕು, ಜಮೆ ಏರಿಸಲು ತೆರಿಗೆ ಬರಬೇಕು. ಜಮೆ ಬರದಿದ್ದಾಗ ವರ್ಷದ ನಡುವೆ ಖಾತೆಗಳಿಗೆ ಇಷ್ಟೇ ಪ್ರತಿಶತ ಖರ್ಚು ಮಾಡಿ ಎಂಬ ಸುತ್ತೋಲೆ ಹೊರಡುತ್ತದೆ. ಹಾಗಾಗಿ ಬಜೆಟ್ ಪುಸ್ತಕದಲ್ಲಿ ನಿಮ್ಮ ಕೆಲಸದ ಹೆಸರು ಇರುವುದಷ್ಟೇ ಸಾಕಾಗುವುದಿಲ್ಲ. ಟೆಂಡರಿಗೆ ಮುಂಚೆ ಆ ಹೆಡ್‌ನಲ್ಲಿ ಅಷ್ಟು ಮೊತ್ತ ಲಾಕ್ ಆಗಿರಬೇಕು. ಲಾಕ್ ಆಗದ ಹಣ ವರ್ಗೀಕರಣಕ್ಕೆ ಸಿಗುತ್ತದೆ, ಅಂದರೆ ಸ್ಥಾಯಿ ಸಮಿತಿಯಲ್ಲಿ ಒಂದು ಪ್ರಸ್ತಾವ ತಂದು ನಿಮ್ಮ ಪೈಪಿನ ಹಣವನ್ನು ಇನ್ನೊಂದು ಕಡೆಯ ಫುಟ್‌ಪಾತಿಗೆ ತಿರುಗಿಸಬಹುದು. ಇದು ಕಾನೂನುಬದ್ಧವೇ. ಸದ್ದಿಲ್ಲದೆ ಆಗುತ್ತದೆ ಎಂಬುದೇ ತಕರಾರು. ಪ್ರತಿ ವಾರದ ಸ್ಥಾಯಿ ಸಮಿತಿ ಕಾರ್ಯಪತ್ರಿಕೆಯಲ್ಲಿ ವರ್ಗೀಕರಣದ ವಿಷಯಗಳನ್ನು ಮಾತ್ರ ಓದಿದರೂ ನಿಮ್ಮ ಪ್ರಭಾಗದ ಅರ್ಧ ಕಥೆ ತಿಳಿಯುತ್ತದೆ.

ಮಾರ್ಚ್ 31ಕ್ಕೆ ಖರ್ಚಾಗದ ಹಣ ಹೋಯಿತು ಎಂದೇ ಲೆಕ್ಕ. ಸೇತುವೆ, ದೊಡ್ಡ ರಸ್ತೆಯಂಥ ಎರಡು-ಮೂರು ವರ್ಷದ ಕೆಲಸಗಳಿಗೆ ಕಲಂ 72(ಬ) ಕೆಳಗೆ ಮುಂದಿನ ವರ್ಷಗಳ ಹೊಣೆಗೂ ಮೊದಲೇ ಒಪ್ಪಿಗೆ ತೆಗೆದುಕೊಳ್ಳುತ್ತಾರೆ. ಹತ್ತು ಲಕ್ಷದ ಪೈಪಿಗೆ ಆ ಭಾಗ್ಯವಿಲ್ಲ. ಮಳೆಗಾಲದಲ್ಲಿ ರಸ್ತೆ ಅಗೆಯಲು ಬಿಡುವುದಿಲ್ಲ, ಚುನಾವಣೆ ಬಂದರೆ ಆಚಾರಸಂಹಿತೆ, ಆಮೇಲೆ ಟೆಂಡರ್ ಅವಧಿ; ಇಷ್ಟು ಕಳೆದರೆ ನಿಜವಾಗಿ ಅಗೆಯಲು ಸಿಗುವುದು ಚಳಿಗಾಲದ ಕೆಲವು ವಾರ. ಫೆಬ್ರುವರಿ, ಮಾರ್ಚಿನಲ್ಲಿ ಊರೆಲ್ಲ ಒಟ್ಟಿಗೆ ಅಗೆದಿರುವುದಕ್ಕೆ ಕಾರಣ ಇದೇ.

ಉಪಸೂಚನೆಗಳ ಮೇಲೆ ಕಣ್ಣಿಡಿ. ವಿಷಯಕ್ಕೆ ತಿದ್ದುಪಡಿ ಸೂಚಿಸುವ ಹಕ್ಕು ಸದಸ್ಯರಿಗೆ ಇದೆ, ಇರಬೇಕು ಕೂಡ. ಆದರೆ ಉದ್ಯಾನಕ್ಕೆ ಹೆಸರಿಡುವ ವಿಷಯಕ್ಕೆ ಗುತ್ತಿಗೆ ಮುಂದುವರಿಸುವ ಉಪಸೂಚನೆ ಅಂಟಿಸುವುದುಂಟು. ಇವನ್ನು ವಿಸಂಗತ ಉಪಸೂಚನೆ ಎನ್ನುತ್ತಾರೆ. ಸಭೆಯಲ್ಲಿ "ಉಪಸೂಚನೆಯೊಂದಿಗೆ ಮಾನ್ಯ" ಎಂದಷ್ಟೇ ಕೇಳಿಸುತ್ತದೆ. ಒಳಗಿನದು ಇತಿವೃತ್ತ ಬಂದಾಗಲೇ ಗೊತ್ತಾಗುವುದು. ಕಾರ್ಯಪತ್ರಿಕೆಯ ಪ್ರತಿ ಓದಿ ಸಮಾಧಾನಪಟ್ಟುಕೊಳ್ಳದೆ, ನಗರಸಚಿವರ (ಪಾಲಿಕೆ ಕಾರ್ಯದರ್ಶಿಯ) ಕಚೇರಿಯಿಂದ ಅಂತಿಮ ಠರಾವಿನ ಪ್ರತಿ ತರಿಸಿ.

ಪಾಸಾದ ಠರಾವು ಕಾಯ್ದೆಗೆ ವಿರುದ್ಧ ಅನ್ನಿಸಿದರೆ ಕಲಂ 451ರ ಪ್ರಕಾರ ರಾಜ್ಯ ಸರ್ಕಾರ ಅದನ್ನು ತಡೆಹಿಡಿಯಬಹುದು, ಆಮೇಲೆ ವಿಖಂಡಿತ ಅಂದರೆ ರದ್ದು ಮಾಡಬಹುದು. ಆಯುಕ್ತರೇ ಮಂತ್ರಾಲಯಕ್ಕೆ (ರಾಜ್ಯದ ಸಚಿವಾಲಯಕ್ಕೆ) ಬರೆದು ಕಳಿಸುವುದು ರೂಢಿ. ಸಭೆ ತಾನೇ ಮನಸ್ಸು ಬದಲಿಸುವುದಾದರೆ ಮೂರು ತಿಂಗಳೊಳಗೆ ಅದು ಸುಲಭವಲ್ಲ, ಒಟ್ಟು ಸದಸ್ಯರ ಅರ್ಧದಷ್ಟು ಬೆಂಬಲ ಬೇಕು.

ಸೊಸೈಟಿಯವರು ಯಾರಿಗೂ ಕಾಯದೆ ಎದ್ದು ಕೂರಬೇಕಾದ ವಿಷಯ ರಸ್ತೆ ಅಗಲೀಕರಣ. 2020ರಲ್ಲಿ ಆರು ಮೀಟರಿನ 323 ರಸ್ತೆಗಳನ್ನು ಒಂಬತ್ತು ಮೀಟರ್ ಮಾಡುವ ಪ್ರಸ್ತಾವ ಸ್ಥಾಯಿ ಸಮಿತಿಗೆ ಬಂದಿತ್ತು. ಒಂಬತ್ತು ಮೀಟರಿಗಿಂತ ಕಿರಿದಾದ ರಸ್ತೆಯ ಮೇಲೆ ಟಿಡಿಆರ್ (ವರ್ಗಾಯಿಸಬಹುದಾದ ನಿರ್ಮಾಣ ಹಕ್ಕು) ಬಳಸುವಂತಿರಲಿಲ್ಲ, ಹಳೆಯ ಕಟ್ಟಡಗಳ ಪುನರ್ವಿಕಾಸ ನಿಂತಿತ್ತು. ಅಗಲವಾದರೆ ಅದು ಚಲಿಸುತ್ತದೆ. ಎರಡೂ ಬದಿ ಸಮ ಹಂಚಿದರೆ ಪ್ರತಿ ಕಡೆ ಒಂದೂವರೆ ಮೀಟರ್ ಬಿಡಬೇಕು. ಕಾಂಪೌಂಡ್ ಗೋಡೆ, ಸ್ಕೂಟರ್ ಸಾಲು, ಕೆಲವು ಕಡೆ ಬೋರ್‌ವೆಲ್ ಕೂಡ ಆ ಒಂದೂವರೆ ಮೀಟರಿನಲ್ಲೇ ಇರುತ್ತವೆ. ಇಂಥ ವಿಷಯದಲ್ಲಿ ಯಾವ ಕಲಮಿನಡಿ ಪ್ರಸ್ತಾವ ಬಂದಿದೆ ಎಂಬುದು ಮುಖ್ಯ. ನಗರರಚನಾ ಕಾಯ್ದೆಯ ಕಲಂ 37ರ ಕೆಳಗಿನ ಬದಲಾವಣೆಯಾದರೆ ಜಾಹೀರಾತು ಬರಬೇಕು, ಹರಕತ್-ಸೂಚನೆಗಳಿಗೆ (ಆಕ್ಷೇಪಣೆ, ಸಲಹೆಗಳಿಗೆ) ಒಂದು ತಿಂಗಳು ಕೊಡಬೇಕು, ಕೊನೆಯ ಮಂಜೂರಾತಿ ಸರ್ಕಾರದ್ದು. ಆ ತಿಂಗಳಲ್ಲಿ ಸೊಸೈಟಿ ಹೆಸರಲ್ಲಿ ಒಂದು ಪತ್ರ, ಜೊತೆಗೆ ಪ್ರತಿ ಫ್ಲ್ಯಾಟಿನದೂ ಬೇರೆ ಪತ್ರ, ನಕ್ಷೆಯ ಮೇಲೆ ಅಳತೆ ಗುರುತಿಸಿ ಕೊಡಿ. "ನಮಗೆ ಅನ್ಯಾಯವಾಗುತ್ತದೆ" ಎಂದು ಎರಡು ಪುಟ ಬರೆಯುವುದಕ್ಕಿಂತ "ಗೋಡೆಯಿಂದ ಮೆಟ್ಟಿಲಿಗೆ ಉಳಿಯುವುದು 1.2 ಮೀಟರ್" ಎಂಬ ಒಂದು ಸಾಲಿಗೆ ಸುನಾವಣಿಯಲ್ಲಿ (ವಿಚಾರಣೆಯಲ್ಲಿ) ತೂಕ ಹೆಚ್ಚು.

ಚಿಕ್ಕ ಕೆಲಸಕ್ಕೆ ಸಭೆಯ ದಾರಿ ಹಿಡಿಯುವುದೇ ಬೇಡ. ಪುಣೆಯಲ್ಲಿ 2006ರಿಂದ ನಾಗರಿಕ ಸಹಭಾಗದ ಬಜೆಟ್ ಇದೆ. ಒಂದೊಂದು ಕೆಲಸಕ್ಕೆ 5 ಲಕ್ಷದವರೆಗೆ ಸೂಚಿಸಬಹುದು. ಬೀದಿದೀಪ, ಫುಟ್‌ಪಾತ್, ಬಸ್ ನಿಲ್ದಾಣದ ಬೆಂಚು ಇದಕ್ಕೆ ಸರಿಯಾದವು. ಫಾರ್ಮ್‌ಗಳು ಮಳೆಗಾಲದ ಕೊನೆಯ ಹೊತ್ತಿಗೆ ಕ್ಷೇತ್ರೀಯ ಕಾರ್ಯಾಲಯದಲ್ಲಿ ಬರುತ್ತವೆ. ಅಲ್ಲೂ ಅದೇ ನಿಯಮ: ಜಾಗದ ಗುರುತು, ಅಳತೆ, ಮಾಲಕಿ.

ಫೈಲು ನಿಜವಾಗಿ ಎಲ್ಲಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಹತ್ತು ರೂಪಾಯಿ ಸ್ಟ್ಯಾಂಪು. ಪ್ರತಿಗೆ ಪುಟಕ್ಕೆ ಎರಡು ರೂಪಾಯಿ. "ಕೆಲಸ ಯಾಕೆ ಆಗಿಲ್ಲ" ಎಂದು ಕೇಳಿದರೆ ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಎಂಬ ಉತ್ತರ ಬರುತ್ತದೆ. ಕೇಳಬೇಕಾದದ್ದು ಕಾಗದಗಳನ್ನು: ಠರಾವಿನ ಅಂತಿಮ ಪ್ರತಿ, ಎಸ್ಟಿಮೇಟ್, ಬಜೆಟ್ ಕೋಡ್ ಮತ್ತು ಆ ಕೋಡಿನಲ್ಲಿ ಇಂದಿನ ಬಾಕಿ, ವರ್ಗೀಕರಣ ಆಗಿದ್ದರೆ ಅದರ ಆದೇಶ, ಕಾರ್ಯಾದೇಶ, ಎಂ.ಬಿ.ಯ (ಅಳತೆ ಪುಸ್ತಕದ) ಪುಟಗಳು. ಮರಾಠಿಯಲ್ಲಿ ಬರೆಯಿರಿ, ಕೆಳಗಿನ ಮೇಜಿನಲ್ಲಿ ಬೇಗ ಓದುತ್ತಾರೆ. ಉತ್ತರಕ್ಕೆ 30 ದಿನ ಬೇಕು. ಫೆಬ್ರುವರಿ ಕೊನೆಗೆ ಹಾಕಿದ ಅರ್ಜಿಗೆ ಉತ್ತರ ಕೈಸೇರುವಾಗ ಆ ವರ್ಷದ ಹಣ ಮುಗಿದಿರುತ್ತದೆ. ದಸರೆ, ದೀಪಾವಳಿಯ ನಡುವೆ ಹಾಕಿದರೆ ಹಣ ತಿರುಗಿಸುವ ಮುಂಚೆ ನಗರಸೇವಕರನ್ನು ಹಿಡಿದು ಲಾಕ್ ಮಾಡಿಸಲು ಸಮಯ ಸಿಗುತ್ತದೆ.