ಪ್ರೆಸ್ಟನ್ನಿನ ಪ್ಲಂಬರ್

ಬೆಳಗ್ಗೆಯಿಂದ ಪ್ಲಂಬರ್‌ಗೆ ಕಾಯುತ್ತಾ ಕೂತಿದ್ದೇನೆ. ಸಿಂಕ್ ಕೆಳಗಿಟ್ಟ ಬಕೆಟ್‌ನಲ್ಲಿ ಟಪ್ ಟಪ್. ಸುಮ್ನೆ ಟಾಮ್ ಫಿನ್ನಿ ನೆನಪಾದ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ, ಕಲಿತ ಕಸುಬು ಪ್ಲಂಬಿಂಗ್.

1940ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬಿಗೆ ಸಹಿ ಹಾಕಿದಾಗ ಅವನಿಗೆ 17. ಅಷ್ಟರಲ್ಲಾಗಲೇ ಯುದ್ಧ ಶುರುವಾಗಿ ಲೀಗ್ ನಿಂತಿತ್ತು. ಆಮೇಲೆ ಸೈನ್ಯ, ಈಜಿಪ್ಟ್, ಇಟಲಿ, ಟ್ಯಾಂಕ್ ಓಡಿಸುವ ಕೆಲಸ. ಮೊದಲ ಲೀಗ್ ಪಂದ್ಯ ಆಡಿದ್ದು 1946ರ ಆಗಸ್ಟ್‌ನಲ್ಲಿ, 24ನೇ ವಯಸ್ಸಿಗೆ! ಮರು ತಿಂಗಳೇ ಇಂಗ್ಲೆಂಡ್ ತಂಡಕ್ಕೆ ಬಂದ, ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ಒಟ್ಟು 76 ಪಂದ್ಯ, 30 ಗೋಲು.

17ರಿಂದ 24ರವರೆಗಿನ ವರ್ಷಗಳನ್ನು ಯುದ್ಧವೇ ನುಂಗಿತು. ಕಾಲು ಚುರುಕಾಗಿರೋ ವಯಸ್ಸೇ ಅದು, ಅಲ್ವಾ? ನನಗಂತೂ ಹೊಟ್ಟೆ ಉರಿಯುತ್ತದೆ. ಅವನು ಮಾತ್ರ ಆಟದ ಜೊತೆಗೇ ಪೈಪ್ ಜೋಡಿಸುತ್ತಾ ಇದ್ದ.

ಬೆಲ್ ಆಯಿತು. ನಮ್ಮವರು ಬಂದರು ಅನ್ಸುತ್ತೆ.